ಬೆಸುಗಿ ಹಾಕಿದ ದಪ್ಪ ಪೈಪ್ ನಂಬಬಹುದೇನ್ರಿ?

ಪ್ರಶ್ನೆ: ರಾಣೆಬೆನ್ನೂರಾಗ ನಂದೊಂದು ಫ್ಯಾಬ್ರಿಕೇಶನ್ ಶಾಪ್ ಐತ್ರಿ, ಟ್ರಾಲಿ, ಶೆಡ್ಡು, ಗೇಟು ಇವ ಜಾಸ್ತಿ. ಈಗ ಒಂದು ಫ್ಯಾಕ್ಟರಿಯವ್ರು ಹೈ ಪ್ರೆಶರ್ ನೀರಿನ ಹೆಡರ್ (ಬ್ರಾಂಚ್ ಪೈಪು ಕವಲೊಡಿಯೋ ದೊಡ್ಡ ಪೈಪು) ಕೆಲಸ ಕೊಟ್ಟಾರ. ಡ್ರಾಯಿಂಗ್‌ನಾಗ 24 ಇಂಚಿನ ಪೈಪು, 25 ಎಂಎಂ ದಪ್ಪ, ಎ672 ಸಿ60 ಕ್ಲಾಸ್ 22 ವೆಲ್ಡೆಡ್ ಅಂತ ಬರದಾರ. ಡೀಲರ್ ಹೇಳ್ತಾನ, ಜಾಯಿಂಟ್ ಇದ್ದ ಪೈಪ್ ವೀಕು, ಸೀಮ್‌ಲೆಸ್ ತಗೋ ಅಂತ. ರೇಟು ಕೇಳಿದ್ರ ಎದಿ ಒಡಿತೈತಿ. ಇಷ್ಟ ದಪ್ಪ ಪ್ಲೇಟ್ ಹೆಂಗ ಪೈಪ್ ಆಗ್ತೈತ್ರಿ? ಜಾಯಿಂಟ್ ಬಿಡಂಗಿಲ್ಲೇನು? ಮಾಲು ಬಂದಾಗ ನಾ ಏನ್ ನೋಡಬೇಕು?

ಉತ್ತರ: ಅಣ್ಣಾರ, ನಿಮ್ಮ ಡೀಲರ್ ಹೇಳಿದ್ದು ಅರ್ಧ ಖರೆ. ಸಣ್ಣ ಪೈಪಿನ ಮಾತು ತಂದು ದೊಡ್ಡ ಪೈಪಿಗೆ ಹಚ್ಚ್ಯಾನ. 24 ಇಂಚು 25 ಎಂಎಂ ಪೈಪಿನಾಗ ಜಾಯಿಂಟ್ ಐತೋ ಇಲ್ಲೋ ಅನ್ನೋದು ಕೇಳೋ ಪ್ರಶ್ನೀನ ಅಲ್ಲ, ಆ ಜಾಯಿಂಟ್ ಯಾವ ನಮೂನಿ ಹಾಕ್ಯಾರ, ಹಾಕಿದ ಮ್ಯಾಲ ಏನೇನು ಟೆಸ್ಟ್ ಮಾಡ್ಯಾರ, ಅದಕ್ಕ ಕಾಗದ ಐತೇನು, ಇದನ್ನ ಕೇಳ್ರಿ. ನಿಮಗ ಡ್ರಾಯಿಂಗ್ ಮಾಡಿಕೊಟ್ಟ ಮನಷ್ಯಾ ತಿಳದ ಬರದಾನ, ಆ ಕ್ಲಾಸ್ 22 ಅನ್ನೋ ಎರಡು ಅಂಕಿಯೊಳಗ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಐತಿ, ಮುಂದ ಹೇಳ್ತೇನಿ.

ಮೊದಲ ಸೀಮ್‌ಲೆಸ್ ಮಾತು ಮುಗಸೋಣ. ಸೀಮ್‌ಲೆಸ್ ಅಂದ್ರ ಕೆಂಪಗ ಕಾಯಿಸಿದ ಉಕ್ಕಿನ ಬಿಲೆಟ್‌ಗೆ ನಡಬರಕ ತೂತು ಕೊರದು ಎಳದು ಮಾಡಿದ್ದು, ಹಂಗ ಮಾಡಬೇಕಾದ್ರ ತೂತು ತುಸು ಆಕಡಿ ಈಕಡಿ ಸರದ ಬಿಡ್ತೈತಿ, ಅದಕ್ಕ ಪೈಪಿನ ಒಂದು ಮಗ್ಗಲು ದಪ್ಪ ಒಂದು ಮಗ್ಗಲು ತೆಳು. ಎ106 (ನಿಮ್ಮ ಎ672 ಹಂಗ ಇದೂ ಅಮೆರಿಕದ ಸ್ಟ್ಯಾಂಡರ್ಡಿನ ನಂಬರ್) ಸೀಮ್‌ಲೆಸ್ ಪೈಪಿಗೆ ದಪ್ಪದಾಗ ನೂರಕ್ಕ 12.5 ಕಡಿಮಿ ಇದ್ರೂ ನಡೀತೈತಿ ಅಂತ ಸ್ಟ್ಯಾಂಡರ್ಡ್‌ನಾಗ ಐತಿ. ಅಂದ್ರ 25 ಎಂಎಂ ಅಂತ ರೊಕ್ಕ ಕೊಟ್ಟು ತಂದ ಪೈಪು ಒಂದ ಕಡೆ 21.9 ಎಂಎಂ ಇದ್ರೂ ನೀವು ಜಗಳಾಡಂಗಿಲ್ಲ. ನಿಮ್ಮ ಎ672 ಪೈಪು ಪ್ಲೇಟಿನಿಂದ ಮಾಡಿದ್ದು, ಪ್ಲೇಟ್ ರೋಲಿಂಗ್ ಮಿಲ್‌ನಾಗ ಭಾಳ ಒಂದ ಸಮ ಬರ್ತೈತಿ, ಅದಕ್ಕ ಅಲ್ಲೆ ಬರೇ 0.3 ಎಂಎಂ ಕಡಿಮಿ ಇರಾಕ ಬಿಡ್ತಾರ. 24.7 ಎಲ್ಲೆ, 21.9 ಎಲ್ಲೆ. ಜಾಯಿಂಟಿಗೆ ಅಂತ ಡಿಸೈನ್‌ನಾಗ ಏನಾರ ಮುರಕೊಂಡ್ರೂ ಲೆಕ್ಕ ಹತ್ರ ಹತ್ರ ಬರ್ತೈತಿ, ಅದರಾಗ ಪೂರ್ತಿ ಎಕ್ಸ್‌ರೇ ತಗದಿದ್ರ ಏನೂ ಮುರಕೊಳ್ಳೂದ ಬ್ಯಾಡ. ಮ್ಯಾಲ 24 ಇಂಚಿನ ದಪ್ಪ ಸೀಮ್‌ಲೆಸ್ ಮಾಡೋ ಮಿಲ್ ಕಡಿಮಿ, ಅದಕ್ಕ ನಿಮ್ಮ ಎದಿ ಒಡದಿದ್ದು.

ಆದ್ರ 6 ಇಂಚಿನ ಪೈಪು 22 ಎಂಎಂ ದಪ್ಪ ಬೇಕು ಅಂದ್ರ ನಾನೂ ಸೀಮ್‌ಲೆಸ್ ತಗೋರಿ ಅಂತನ ಹೇಳ್ತೇನಿ. ಯಾಕಂದ್ರ ಪ್ಲೇಟ್ ಬಗ್ಗಿಸಿದಾಗ ಹೊರಗಿನ ಮೈ ಎಳಿಸಿಕೊಳ್ತೈತಿ, ಒಳಗಿನ ಮೈ ಕುಗ್ಗತೈತಿ, ಎಷ್ಟು ಎಳಿತೈತಿ ಅನ್ನೋದಕ್ಕ ದಪ್ಪಾನ ನಡು ವ್ಯಾಸದಿಂದ ಭಾಗಿಸಿದ್ರ ಆತು. ನಿಮ್ಮ ಪೈಪಿಗೆ 25 ಭಾಗಿಸು 585, ನೂರಕ್ಕ 4.3 ಬರ್ತೈತಿ, ತಣ್ಣಗಿದ್ದಾಗನ ಬಗ್ಗಿಸಬಹುದು. 6 ಇಂಚಿಗೆ 22 ಎಂಎಂ ಅಂದ್ರ ನೂರಕ್ಕ 15, ಉಕ್ಕು ಅಷ್ಟು ಎಳಿಸಿಕೊಂಡ್ರ ಗಡಸಾಗಿ ಸೆಟದ ಕುಂದರತೈತಿ. ಪ್ರೆಶರ್ ಕೆಲಸದಾಗ ನೂರಕ್ಕ 5 ದಾಟಿತಂದ್ರ ಸಾಮಾನ್ಯವಾಗಿ ಹೀಟ್ ಟ್ರೀಟ್‌ಮೆಂಟ್ ಮಾತು ಬರ್ತೈತಿ.

ಈಗ ವೆಲ್ಡೆಡ್ ಅಂದ್ರ ಎಲ್ಲಾ ಒಂದ ಅಲ್ರಿ. ನೀವು ದಿನಾ ನೋಡೋ ಶೆಡ್ಡಿನ ಪೈಪು, ಕೆಂಪು ಪಟ್ಟಿ ಬಳದ ಸಿ ಕ್ಲಾಸ್ ಪೈಪು, ಇವೆಲ್ಲಾ ಬಹುತೇಕ ಇಆರ್‌ಡಬ್ಲ್ಯೂ. ಅಂದ್ರ ಕಾಯಿಲ್ ಪಟ್ಟಿ ರೋಲರ್‌ನಾಗ ಹಾದು ದುಂಡಗಾಗ್ತೈತಿ, ಎರಡೂ ಅಂಚಿಗೆ ಹೈ ಫ್ರೀಕ್ವೆನ್ಸಿ ಕರೆಂಟ್ ಕೊಟ್ಟು ಕಾಯಿಸಿ ಒತ್ತಿ ಅಂಟಿಸಿ ಬಿಡ್ತಾರ, ಸಲಾಕಿ ಇಲ್ಲ ವೈರ್ ಇಲ್ಲ. ನಮ್ಮ ಮಂದಿ ಇದಕ್ಕ ಹೆವಿ ಪೈಪ್ ಅಂತಾರ, ಐಎಸ್ 1239 ಅನ್ನೋ ನಮ್ಮ ದೇಶದ ಪೈಪ್ ಸ್ಟ್ಯಾಂಡರ್ಡ್‌ನಾಗ ಹೆವಿ ಅಂದ್ರ 2 ಇಂಚಿಗೆ 4.5 ಎಂಎಂ ಅಷ್ಟ, ನಿಮ್ಮ ಡ್ರಾಯಿಂಗಿನ ಹೆವಿ ಬ್ಯಾರೆ ಜಾತಿ. ಇಆರ್‌ಡಬ್ಲ್ಯೂ ಚಲೋ ಮಾಲೇ, ಆದ್ರ ದಪ್ಪ ಹೆಚ್ಚಾದಂಗ ಅಂಚು ಒಳಗೂ ಹೊರಗೂ ಒಂದ ಸಮ ಕಾಯೂದಿಲ್ಲ, ರೋಲರ್‌ಗೂ ಅಷ್ಟು ದಪ್ಪ ಬಗ್ಗೂದಿಲ್ಲ, 16 ರಿಂದ 20 ಎಂಎಂ ಆಸುಪಾಸು ಅದರ ಆಟ ಮುಗೀತೈತಿ.

ಇನ್ನೊಂದು ಸ್ಪೈರಲ್. ಕಾಯಿಲ್ ಪಟ್ಟೀನ ಓರೆ ಹಿಡದು, ಶೇಂಗಾ ಕಟ್ಟೋ ಕಾಗದದ ಪೊಟ್ಟಣ ಸುತ್ತಿದಂಗ ಸುತ್ತಕೋತ ಬೆಸೀತಾರ, ಪೈಪಿನ ಮ್ಯಾಲ ಬೆಸುಗಿ ಗೆರಿ ಹಾವಿನಂಗ ಸುತ್ತಿರ್ತೈತಿ, ಕುಡಿಯೋ ನೀರಿನ ಲೈನು, ಏತ ನೀರಾವರಿ ಲೈನು ಹಾಕಬೇಕಾದ್ರ ರಸ್ತೆ ಬಾಜೂಕ ಸಾಲಾಗಿ ಒಟ್ಟಿರ್ತಾರಲ್ಲ ಅವು. ಒಂದ ಅಗಲದ ಕಾಯಿಲ್‌ನಿಂದ ಯಾವ ವ್ಯಾಸ ಬೇಕಾದ್ರೂ ಬರ್ತೈತಿ, ಬರೇ ಓರೆ ಬದಲಿಸಿದ್ರ ಆತು, ಅದಕ್ಕ ಅಗ್ಗ. ಮಂಡ್ಯದಾಗ ವೆಲ್‌ಸ್ಪನ್‌ನವರದು ಇಂಥಾ ಪ್ಲಾಂಟ್ ಐತಿ, ಕಾಯಿಲ್ ಅಂತೂ ನಮ್ಮ ಬಾಜೂಕ ತೋರಣಗಲ್ಲಿನಾಗ ಜಿಂದಾಲ್‌ನವ್ರು ಮಾಡ್ತಾರ. ಆದ್ರ ಕಾಯಿಲ್ ಸುತ್ತಾಕ ಬರೋ ದಪ್ಪಕ್ಕೂ ಒಂದು ಮಿತಿ ಐತಿ, ಸುಮಾರು 25 ಎಂಎಂ ಅಂದ್ರ ತುದಿ.

ನಿಮ್ಮ ಪೈಪು ಆಗೋದು ಮೂರನೇ ನಮೂನಿ. ಉದ್ದುದ್ದ ಒಂದ ಸೀಮು, ಸಬ್‌ಮರ್ಜ್ಡ್ ಆರ್ಕ್ ಬೆಸುಗಿ, ಎಲ್‌ಸಾ ಪೈಪ್ ಅಂತಾರ. ಗುಜರಾತಿನ ಅಂಜಾರ್, ಮುಂದ್ರಾ ಕಡೆ ಇದರ ದೊಡ್ಡ ಮಿಲ್ ಅದಾವ. ನಿಮ್ಮ ಪೈಪನ್ನ ಹಿಡಕೊಂಡ ಹೇಳ್ತೇನಿ. ಹೊರಗಿನ ವ್ಯಾಸ 610 ಎಂಎಂ, ದಪ್ಪ 25, ಬಿಡಿಸಿ ಹಾಸಿದ್ರ 1.84 ಮೀಟರ್ ಅಗಲದ ಪ್ಲೇಟು, ಉದ್ದ 12 ಮೀಟರ್, ತೂಕ 4.3 ಟನ್. ಮೊದಲ ಆ ಪ್ಲೇಟನ್ನ ಅಲ್ಟ್ರಾಸಾನಿಕ್ ಹಾಕಿ ನೋಡ್ತಾರ, ಒಳಗ ಪದರ ಬಿಟ್ಟೈತೇನು ಅಂತ, ಹೊರಗಿಂದ ನೋಡಿದ್ರ ತಿಳಿಯೂದಿಲ್ಲ ಇದು. ಆಮ್ಯಾಲ ಎರಡೂ ಉದ್ದ ಅಂಚು ಮಿಲ್ಲಿಂಗ್ ಮಾಡಿ ಒಳಗೂ ಹೊರಗೂ ಬೆಸುಗಿ ಕೂಡಾಕ ವಿ ಕೊಚ್ಚು ತಗೀತಾರ, ನಡುವ ತುಸು ಚಪ್ಪಟಿ ಅಂಚು ಉಳಿಸ್ತಾರ. ನಂತರ ಅಂಚು ಅಷ್ಟ ಮೊದಲ ಬಗ್ಗಿಸ್ತಾರ, ಯಾಕಂದ್ರ ಅಂಚನ್ನ ಕಡೀಕ ಬಗ್ಗಿಸಾಕ ಹೋದ್ರ ಹಿಡಿಯಾಕ ಜಾಗಾನ ಇರೂದಿಲ್ಲ, ಪೈಪಿನ ನೆತ್ತಿ ಚಪ್ಪಟಿ ಉಳಕೊಂಡ ಬಿಡ್ತೈತಿ.

ಆಮ್ಯಾಲ ಪ್ರೆಸ್. 12 ಮೀಟರ್ ಉದ್ದದ ಹೈಡ್ರಾಲಿಕ್ ಪ್ರೆಸ್ಸಿನ ಪಂಚು ಪ್ಲೇಟಿನ ಒಂದು ಮಗ್ಗಲಿಂದ ಸ್ವಲ್ಪ ಸ್ವಲ್ಪ ಸರಕೋತ ಒತ್ತತೈತಿ, ಅರ್ಧ ಮುಗದಾಗ ಇಂಗ್ಲಿಷ್ ಜೆ ಅಕ್ಷರ, ಆ ಕಡಿ ಮಗ್ಗಲಿಂದ ಒತ್ತಕೋತ ಬಂದ್ರ ಸಿ, ನಡಬರಕ ಕಡೇ ಒತ್ತಿಗೆ ಓ, ಬೆಸದ ಮ್ಯಾಲ ಒಳಗಿಂದ ಹಿಗ್ಗಸೋದು ಅಂದ್ರ ಎಕ್ಸ್‌ಪಾನ್ಶನ್ನಿನ ಇ, ಅದಕ್ಕ ಜೆಸಿಓಇ ಅಂತಾರ. ದೊಡ್ಡ ಆರ್ಡರ್ ಇದ್ದ ಮಿಲ್‌ನಾಗ ಒಂದ ಏಟಿಗೆ ಯು, ಎರಡನೇ ಏಟಿಗೆ ಓ ಮಾಡೋ ಯುಓಇ ಪ್ರೆಸ್ ಇರ್ತಾವ, ಜೋರು ಓಡ್ತಾವ ಖರೆ, ಆದ್ರ ಒಂದೊಂದು ವ್ಯಾಸಕ್ಕ ಒಂದೊಂದು ಡೈ ಬೇಕು.

ಬೆಸುಗಿ ಹಾಕೋದು ನೋಡಿದ್ರ ನಿಮಗ ಮಜಾ ಅನಸ್ತೈತಿ, ಯಾಕಂದ್ರ ನೋಡಾಕ ಏನೂ ಇರೂದಿಲ್ಲ. ಕಿಡಿ ಇಲ್ಲ, ಬೆಳಕಿಲ್ಲ, ಕಪ್ಪು ಗ್ಲಾಸ್ ಬ್ಯಾಡ. ಸೀಮಿನ ಮ್ಯಾಲ ರವಾದಂಥಾ ಫ್ಲಕ್ಸ್ (ಬೆಸುಗಿ ಮುಚ್ಚಿ ಕಾಯೋ ಪುಡಿ) ಸುರಕೋತ ಹೋಗ್ತೈತಿ, ಅದರ ಅಡಿಯಾಗ ಮುಚ್ಚಿದಂಗ ಆರ್ಕ್ ಉರೀತೈತಿ, ಹಿಂದ ಒಂದು ಪೈಪು ಉಳದ ಫ್ಲಕ್ಸ್ ಎಳಕೊಳ್ತೈತಿ, ಅದರ ಹಿಂದ ಸ್ಲ್ಯಾಗ್ (ಕರಗಿ ಗಟ್ಟಿಯಾದ ಫ್ಲಕ್ಸಿನ ಸಿಪ್ಪಿ) ತಾನ ಸುರುಳಿ ಸುರುಳಿ ಎದ್ದ ಬರ್ತೈತಿ, ಕೆಳಗ ನುಣ್ಣನ ಬೀಡ್. ದಪ್ಪ ಪೈಪಿಗೆ ಒಂದರ ಹಿಂದ ಒಂದು 3, 4 ವೈರ್ ಒಮ್ಮೆಲೆ ಓಡಸ್ತಾರ, ಮೊದಲಿನ ವೈರ್ ಆಳಕ್ಕ ಇಳೀತೈತಿ, ಹಿಂದಿನವು ತುಂಬಕೋತ ಬರ್ತಾವ. ಮೊದಲ ಉದ್ದಕ್ಕೂ ಒಂದು ಟ್ಯಾಕ್, ಆಮ್ಯಾಲ ಒಳಗಿಂದ, ಆಮ್ಯಾಲ ಹೊರಗಿಂದ. ಒಳಗಿನ ಬೆಸುಗಿ, ಹೊರಗಿನ ಬೆಸುಗಿ ಎರಡೂ ನಡುವ ಒಂದಕ್ಕೊಂದು ಕರಗಿ ಕೂಡಬೇಕು. ಪೈಪಿನ ತುದಿ ಕತ್ತರಿಸಿ ಆ್ಯಸಿಡ್ ಹಚ್ಚಿ ನೋಡಿದ್ರ ಎರಡು ಡೊಳ್ಳು ಹೊಟ್ಟಿ ಒಂದರಾಗೊಂದು ಸಿಕ್ಕಂಗ ಕಾಣಸಬೇಕು, ನಡುವ ಒಂದು ಕಪ್ಪು ಗೆರಿ ಉಳದಿದ್ರ ಆ ಪೈಪು ರಿಜೆಕ್ಟ್. ಕೈಲೆ ಬೆಸಿಯೋ ನಮ್ಮ ಎಂಥಾ ಹುಲಿ ವೆಲ್ಡರ್ ಆದ್ರೂ 12 ಮೀಟರ್ ಒಂದ ಸಮ ಈ ಆಳಕ್ಕ ಇಳಸೋದು ಆಗೂದಿಲ್ಲ, ಅದಕ್ಕ ಇಲ್ಲೆ ಮಶೀನ್ ಬೇಕ ಬೇಕು.

ಈಗ ಕ್ಲಾಸ್ 22ಕ್ಕ ಬರೋಣ. ಎ672 ಪೈಪಿನಾಗ ಗ್ರೇಡ್ ಅಂದ್ರ ಪ್ಲೇಟು, ಸಿ60 ಅಂದ್ರ ಎ516 ಗ್ರೇಡ್ 60 ಪ್ಲೇಟು, ಪ್ರೆಶರ್ ವೆಸಲ್‌ಗೆ ಹಾಕೋದು. ಕ್ಲಾಸ್ ಅಂದ್ರ ಪೈಪ್ ಮಾಡಿದ ಮ್ಯಾಲ ಏನೇನು ಮಾಡ್ಯಾರ ಅನ್ನೋದು. 13 ಅಂದ್ರ ಬರೇ ನೀರಿನ ಪ್ರೆಶರ್ ಟೆಸ್ಟ್. 12 ಅಂದ್ರ ಅದರ ಜೋಡಿ ಸೀಮಿಗೆ ಎಕ್ಸ್‌ರೇ. 22 ಅಂದ್ರ ಎಕ್ಸ್‌ರೇ, ನೀರಿನ ಟೆಸ್ಟ್, ಮ್ಯಾಲ ಭಟ್ಟಿಯಾಗ ಸ್ಟ್ರೆಸ್ ರಿಲೀವ್, ಅಂದ್ರ ಪೈಪನ್ನ 600 ಡಿಗ್ರಿ ಆಸುಪಾಸು ಕಾಯಿಸಿ 25 ಎಂಎಂ ದಪ್ಪಕ್ಕ ಒಂದು ತಾಸಿನ ಲೆಕ್ಕದಾಗ ಇಟ್ಟು ನಿಧಾನ ಆರಸೋದು, ಬಗ್ಗಿಸಿದ್ದು ಬೆಸದಿದ್ದು ಒಳಗ ಹಿಡಕೊಂಡ ಬಿಗಿ ಬಿಡ್ತೈತಿ. ಡೀಲರ್ 13 ಕ್ಲಾಸಿನ ಮಾಲು ತಂದು ಎಲ್ಲಾ ಒಂದ ಸರ ಅಂದ್ರ ಒಪ್ಪಬ್ಯಾಡ್ರಿ, ಕಣ್ಣಿಗೆ ಎರಡೂ ಒಂದ ನಮೂನಿ ಕಾಣ್ತಾವ, ರೇಟಿನಾಗ ಮಾತ್ರ ಫರಕ ಇರ್ತೈತಿ, ಆ ಫರಕ ಯಾರ ಕಿಸೇಕ ಹೋಗ್ತೈತಿ ನೀವ ಲೆಕ್ಕಾ ಹಾಕ್ರಿ.

ಇನ್ನ ಒಬ್ಬೊಬ್ರು ಹೇಳ್ತಾರ, ಮಿಲ್ಲಿಗೆ ಯಾಕ ಹೋಗ್ತೀರಿ, ಪ್ಲೇಟ್ ತಂದು ಮೂರು ರೋಲಿನ ಬೆಂಡಿಂಗ್ ಮಶೀನ್‌ನಾಗ ಇಲ್ಲೆ ಹುಬ್ಬಳ್ಳಿಯೊಳಗ ಸುತ್ತಿಸಿ ಕೊಡ್ತೇನಿ ಅಂತ. ಅದೂ ಕೆಟ್ಟ ದಾರಿ ಅಲ್ಲ. ಗದಗ ಕಡೆ ಕಪ್ಪತಗುಡ್ಡದ ಮ್ಯಾಲ ಗಾಳಿ ಫ್ಯಾನ್ ನಿಂತಾವಲ್ಲ, ಅವುಗಳ ಕಂಬ ಆಗೋದು ಹಿಂಗ, ಪ್ಲೇಟ್ ರೋಲ್ ಮಾಡಿ 2, 3 ಮೀಟರ್ ಎತ್ತರದ ಡಬ್ಬಿ ಮಾಡ್ತಾರ, ಉದ್ದ ಸೀಮ್ ಬೆಸದು, ಡಬ್ಬಿಗೆ ಡಬ್ಬಿ ಸುತ್ತ ಬೆಸದು ಕಂಬ ಏರಸ್ತಾರ, ಬುಡದಾಗ ದಪ್ಪ ಪ್ಲೇಟು, ಮ್ಯಾಲ ಹೋದಂಗ ತೆಳು. ನಿಮ್ಮ ಹೆಡರ್‌ಗೆ ಹಿಂಗ ಮಾಡಿದ್ರ ಸುತ್ತು ಜಾಯಿಂಟ್ ಹೆಚ್ಚಾಗ್ತಾವ, ಒಂದೊಂದಕ್ಕೂ ಎಕ್ಸ್‌ರೇ ಬೇಕು, ಎ672 ಅಂತ ಸರ್ಟಿಫಿಕೇಟ್ ಯಾರು ಕೊಡ್ತಾರ ಅನ್ನೋದೂ ಐತಿ. ಕ್ಲೈಂಟ್ ಬರದು ಒಪ್ಪಿಗಿ ಕೊಟ್ರ ಮಾಡ್ರಿ, ಬಾಯಿಮಾತಿನ ಮ್ಯಾಲ ಬ್ಯಾಡ.

ಇಷ್ಟ ದಪ್ಪ ಯಾಕ ಬೇಕು ಅಂತ ನಿಮಗ ಅನಸಿರಬೇಕು, ನೀರ ಅಲ್ಲೇನ್ರಿ ಹರಿಯೋದು ಅಂತ. ಲೆಕ್ಕಾ ಸರಳ ಐತಿ, ಉಕ್ಕಿನ ಯೀಲ್ಡ್ (ಉಕ್ಕು ಹಿಗ್ಗಿ ಮತ್ತ ಮೊದಲಿನಂಗ ಆಗದ ಮಟ್ಟ) ಗುಣಿಸು ದಪ್ಪ ಗುಣಿಸು 2, ಭಾಗಿಸು ವ್ಯಾಸ. ಸಿ60ರ ಯೀಲ್ಡ್ 220 ಎಂಪಿಎ, ಹಂಗಾದ್ರ 18 ಎಂಪಿಎ ಬರ್ತೈತಿ, ಚದರ ಸೆಂಟಿಮೀಟರಿಗೆ ಸುಮಾರು 180 ಕೆಜಿ, ಅಷ್ಟಕ್ಕ ಪೈಪು ಹಿಗ್ಗಾಕ ಚಾಲೂ ಆಗ್ತೈತಿ, ಡಿಸೈನ್ ಮಾಡೋರು ಅದಕ್ಕಿಂತ ಭಾಳ ಕೆಳಗನ ನಿಲ್ಲಸ್ತಾರ. ಮ್ಯಾಲ ನಿಮ್ಮದು ಹೆಡರ್, ಅದಕ್ಕ ಬ್ರಾಂಚ್ ಹಾಕಾಕ ಸಾಲಾಗಿ ತೂತು ಕೊರೀತೀರಿ, ತೂತು ಕೊರದ ಕಡೆ ಹೋದ ಉಕ್ಕಿನ ಬಲ ಸುತ್ತಲಿನ ದಪ್ಪದಾಗನ ಸಿಗಬೇಕು.

ನೀರಿಗೆ ಇನ್ನೊಂದು ಕೆಟ್ಟ ಗುಣ ಐತಿ. ಏತ ನೀರಾವರಿ ಲೈನ್ ನೋಡ್ರಿ, ಸಿಂಗಟಾಲೂರಿನಂಥಾದ್ದು, ಪಂಪ್ ಓಡಕೋತ ಇರಬೇಕಾದ್ರ ಕರೆಂಟ್ ಹೋತಂದ್ರ ಪಂಪ್ ನಿಲ್ತೈತಿ, ಪೈಪಿನಾಗಿನ ನೀರು ಮುಂದ ಹೊಂಟಿದ್ದು ಒಮ್ಮೆಲೆ ತಡದ ನಿಂತು ಹಿಂದ ಹೊಡೀತೈತಿ. ಸೆಕೆಂಡಿಗೆ 2 ಮೀಟರ್ ಹರಿಯೋ ನೀರು ಗಪ್ಪನ ನಿಂತ್ರ, ಉಕ್ಕಿನ ಪೈಪಿನಾಗ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 1000 ಮೀಟರ್ ಓಡೋದ್ರಿಂದ, 2 ಎಂಪಿಎ ಹೆಚ್ಚಿನ ಪ್ರೆಶರ್ ಬೀಳ್ತೈತಿ, 200 ಮೀಟರ್ ಎತ್ತರದ ನೀರಿನ ಭಾರ ಒಮ್ಮೆಲೆ ಬಿದ್ದಂಗ. ಏರ್ ವಾಲ್ವು, ಸರ್ಜ್ ಟ್ಯಾಂಕು ಇಡೋದು ಅದಕ್ಕ. ಶರಾವತಿ, ಕಾಳಿ ಪವರ್ ಹೌಸ್‌ಗೆ ಗುಡ್ಡದಿಂದ ಇಳಿಯೋ ಪೆನ್‌ಸ್ಟಾಕಿನಾಗೂ ಇದ ಲೆಕ್ಕ, ಕೆಳಗ ಹೋದಂಗ ದಪ್ಪ ಹೆಚ್ಚು. 2013ರಾಗ ಚಾಲೂ ಆದ ದಾಭೋಳ–ಬೆಂಗಳೂರು ಗ್ಯಾಸ್ ಲೈನ್ ನಮ್ಮ ಧಾರವಾಡ ಜಿಲ್ಲಾದಾಗನ ಹಾದ ಹೋಗೈತಿ, ಇಂಥಾ ಗ್ಯಾಸ್ ಲೈನಿನಾಗ ಓಡೋದೂ ವೆಲ್ಡೆಡ್ ಪೈಪ ರೀ, ವೀಕ್ ಇದ್ದಿದ್ರ ಹೊಲದ ಅಡಿಯಾಗ ಯಾರು ಹುಗಿಸಿಕೊಳ್ತಿದ್ರು?

ಮಾಲು ಬಂದಾಗ ಲಾರಿ ನೇರ ಶಾಪಿಗೆ ತರಬ್ಯಾಡ್ರಿ, ಮೊದಲ ವೇಬ್ರಿಜ್‌ಗೆ ಒಯ್ರಿ. ವ್ಯಾಸದಾಗ ದಪ್ಪ ಕಳದು, ದಪ್ಪದಿಂದ ಗುಣಿಸಿ, 0.02466ರಿಂದ ಗುಣಿಸಿದ್ರ ಮೀಟರಿಗೆ ಎಷ್ಟು ಕೆಜಿ ಅಂತ ಬರ್ತೈತಿ, ಎಲ್ಲಾ ಎಂಎಂನಾಗ ಹಿಡೀರಿ. ನಿಮ್ಮದು 360 ಕೆಜಿ ಬರಬೇಕು. 22 ಎಂಎಂ ಮಾಲು ಹಾಕಿ ಕಳಿಸಿದ್ರ 319 ಬರ್ತೈತಿ, 12 ಮೀಟರ್ ಪೈಪಿಗೆ 500 ಕೆಜಿ ಫರಕ, ಕಾಂಟಾ ಸುಳ್ಳ ಹೇಳೂದಿಲ್ಲ. ಆಮ್ಯಾಲ ದಪ್ಪ ನೋಡೋ ಅಲ್ಟ್ರಾಸಾನಿಕ್ ಗೇಜ್ ಬಾಡಗಿ ತಂದು ಪೇಂಟ್ ಕೆರದು ಪೈಪಿನ ಸುತ್ತ ನಾಕ ಕಡೆ, ಎರಡೂ ತುದಿಗೆ ನೋಡ್ರಿ. ಹುಬ್ಬಳ್ಳಿಯೊಳಗ ಗೋಕುಲ ರೋಡ್, ತಾರಿಹಾಳ ಕಡೆ ವಾಲ್ವ್ ಮಾಡೋರು ಭಾಳ ಮಂದಿ ಅದಾರ, ಟೆಸ್ಟಿಂಗ್ ಮಾಡೋರು ಎಲ್ಲೆ ಸಿಗ್ತಾರ ಅಂತ ಅವ್ರಿಗೆ ಗೊತ್ತಿರ್ತೈತಿ.

ಪೈಪಿನ ಮೈಮ್ಯಾಲ ಬರದ ಹೀಟ್ ನಂಬರ್ (ಉಕ್ಕು ಯಾವ ಕುಲುಮಿ ಪಾಳಿಯಾಗ ಕರಗಿಸಿದ್ದು ಅನ್ನೋ ಗುರುತು) ಮತ್ತ ಸರ್ಟಿಫಿಕೇಟಿನ ಹೀಟ್ ನಂಬರ್ ಒಂದ ಇರಬೇಕು, ಇದು ಎಲ್ಲಾದಕ್ಕಿಂತ ದೊಡ್ಡದು. ಝೆರಾಕ್ಸಿನ ಮ್ಯಾಲ ಝೆರಾಕ್ಸ್ ತಗದ ಮಸುಕು ಕಾಗದ ಕೊಟ್ರ ಮಿಲ್ಲಿಗೆ ಮೇಲ್ ಹಾಕಿ ಕೇಳ್ರಿ. ಎಕ್ಸ್‌ರೇ ರಿಪೋರ್ಟ್, ಭಟ್ಟಿಯ ಟೆಂಪರೇಚರ್ ಚಾರ್ಟ್ ಎರಡೂ ಬೇಡ್ರಿ, ಚಾರ್ಟಿನಾಗ ಪೈಪ್ ನಂಬರ್ ಇರಬೇಕು. ಸೆಕೆಂಡ್ಸ್ ಮಾಲು, ಎಲ್ಲೋ ಪೈಪ್‌ಲೈನ್ ಕೆಲಸದಾಗ ಉಳದಿದ್ದು ಅಂತ ಅಗ್ಗದಾಗ ಬರ್ತೈತಿ, ಪೈಲಿಂಗ್‌ಗೋ ಕಂಬಕ್ಕೋ ಭೇಷ್, ಪ್ರೆಶರ್‌ಗೆ ಮುಟ್ಟಬ್ಯಾಡ್ರಿ. ಕಣ್ಣಿಂದ ನೋಡೋದೂ ಐತಿ, ಟಾರ್ಚ್ ಹಿಡಕೊಂಡು ಪೈಪಿನೊಳಗ ಸೀಮಿನ ಗುಂಟ ನೋಡ್ರಿ, ಎರಡು ಅಂಚು ಒಂದ ಮಟ್ಟಕ್ಕ ಕುಂತಾವೇನು, ಬೀಡಿನ ಮಗ್ಗಲಿಗೆ ಉಗುರು ಸಿಗೋವಂಥಾ ಗೀರು ಐತೇನು, ಗ್ರೈಂಡರ್ ಹೊಡದು ಏನಾರ ಮುಚ್ಚ್ಯಾರೇನು.

ಇನ್ನ ನಿಮ್ಮ ಕೈಯಾಗಿನ ಕೆಲಸ, ಖರೆ ಹೇಳಬೇಕಂದ್ರ ಮಿಲ್ಲಿನ ಸೀಮಿಗಿಂತ ನನಗ ಇದರದ ಹೆಚ್ಚು ಚಿಂತಿ. ಮಿಲ್ಲಿನ ಜಾಯಿಂಟು ಮಶೀನ್‌ನಾಗ ಆಗಿ ಎಕ್ಸ್‌ರೇ ಪಾಸ್ ಆಗಿ ಬಂದಿರ್ತೈತಿ, ಸೋರೋದು ಬಹಳ ಸಲ ಸೈಟಿನಾಗ ಕೈಲೆ ಹಾಕಿದ ಸುತ್ತು ಜಾಯಿಂಟು, ಬ್ರಾಂಚಿನ ಜಾಯಿಂಟು. 22 ಎಂಎಂ ದಾಟಿದ ದಪ್ಪಕ್ಕ ಪೂರ್ತಿ ಒಂದ ಓರೆ ಬೆವೆಲ್ (ಬೆಸುಗಿ ತುಂಬಾಕ ಅಂಚಿಗೆ ತಗಿಯೋ ಕೊಚ್ಚು) ತಗದ್ರ ತುಂಬಾಕ ಸಲಾಕಿ ಸಾಲೂದಿಲ್ಲ, ಅದಕ್ಕ ಕೆಳಗ 37.5 ಡಿಗ್ರಿ, ಮ್ಯಾಲ 10 ಡಿಗ್ರಿ, ಎರಡು ಓರೆ ಬೆವೆಲ್ ಇರ್ತೈತಿ, ಡ್ರಾಯಿಂಗ್ ಸರಿ ನೋಡ್ರಿ. ಎರಡು ಪೈಪು ಕೂಡಸಬೇಕಾದ್ರ ಎರಡರ ಉದ್ದ ಸೀಮು ಒಂದ ಗೆರಿಗೆ ತರಬ್ಯಾಡ್ರಿ, ಸರಿಸಿ ಕೂಡ್ರಸ್ರಿ, ಬ್ರಾಂಚಿನ ತೂತೂ ಸೀಮಿನ ಮ್ಯಾಲ ಬ್ಯಾಡ, ಸಪೋರ್ಟಿನ ಸ್ಯಾಡಲ್ ಸಹಿತ ಸೀಮ್ ಬಿಟ್ಟ ಇಡ್ರಿ. ಇದನ್ನ ಪೈಪ್ ಕತ್ತರಿಸೋಕಿಂತ ಮೊದಲ ಚಾಕ್‌ಪೀಸ್ ಹಿಡಕೊಂಡು ಗೆರಿ ಹೊಡದು ಹೊಂದಿಸಿ ನೋಡಬೇಕು.

7018 ನಂಬರಿನ ಬೆಸುಗಿ ಸಲಾಕಿ ಡಬ್ಬಿ ಒಡದು ಹಂಗ ಬಳಸಬ್ಯಾಡ್ರಿ. 300, 350 ಡಿಗ್ರಿಗೆ ಓವನ್‌ನಾಗ ಒಣಗಿಸಿ, ಬಿಸಿ ಡಬ್ಬಿಯಾಗ ಇಟ್ಕೊಂಡು ಎರಡೆರಡು ತಗದು ಬೆಸೀರಿ. ಟ್ರಾಲಿ ಕೆಲಸದಾಗ ಹಸಿ ಸಲಾಕಿ ನಡದ ಹೋಗ್ತೈತಿ, 25 ಎಂಎಂನಾಗ ನಡಿಯೂದಿಲ್ಲ, ಆ ದಪ್ಪ ಉಕ್ಕು ಬೆಸುಗಿಯ ಬಿಸೀನ ಗಪ್ಪನ ಎಳಕೊಂಡು ಜಾಯಿಂಟಿನ ಮಗ್ಗಲು ಗಡಸು ಮಾಡ್ತೈತಿ, ಹಸಿಯಿಂದ ಬಂದ ಹೈಡ್ರೋಜನ್ ಅಲ್ಲೆ ಸಿಕ್ಕೊಂಡು ಮರುದಿನ ಸೀಳತೈತಿ, ಸಂಜಿಗೆ ಪಾಸ್ ಆದ ಜಾಯಿಂಟು ಮುಂಜಾನೆ ಬಿರುಕು. ಎಕ್ಸ್‌ರೇ, ಅಲ್ಟ್ರಾಸಾನಿಕ್ ಒಂದು ದಿನ ಬಿಟ್ಟು ಮಾಡ್ಸೋದು ಅದಕ್ಕ. ಜೂನ್–ಜುಲೈ ಜಿಟಿಜಿಟಿ ಮಳಿಯಾಗ ಕೆಲಸ ಬಂತಂದ್ರ ಇನ್ನೂ ಹುಷಾರಿ ಬೇಕು. ಪೈಪನ್ನ ಗ್ಯಾಸ್ ಬರ್ನರ್ ಹಚ್ಚಿ ಸುತ್ತ 100 ಡಿಗ್ರಿ ಆಸುಪಾಸು ಕಾಯಿಸಿಕೊಂಡು ಬೆಸೀರಿ, ಡಬ್ಲ್ಯೂಪಿಎಸ್‌ನಾಗ (ಬೆಸುಗಿ ಹೆಂಗ ಹಾಕಬೇಕು ಅಂತ ಬರದ ಕಾಗದ) ಎಷ್ಟು ಬರದಿರ್ತೈತಿ ಅಷ್ಟು, ಕೈಯಿಟ್ಟು ಬಿಸಿ ನೋಡಬ್ಯಾಡ್ರಿ, ಟೆಂಪರೇಚರ್ ಚಾಕ್ ಸಿಗ್ತೈತಿ.

ಒಂದು ಮಾತು ಅಡ್ವಾನ್ಸ್ ತಗೊಳ್ಳೋಕಿಂತ ಮೊದಲ ಕ್ಲೈಂಟಿಗೆ ಬರಹದಾಗ ಕೇಳ್ರಿ: ಪೈಪು ಸ್ಟ್ರೆಸ್ ರಿಲೀವ್ ಆಗಿ ಬರ್ತೈತಿ, ಅದಕ್ಕ ನಾ ಬ್ರಾಂಚ್ ಬೆಸದ ಮ್ಯಾಲ ಮತ್ತ ಸ್ಟ್ರೆಸ್ ರಿಲೀವ್ ಮಾಡಬೇಕೋ ಏನು, ಅದರ ಖರ್ಚು ಯಾರದು ಅಂತ. ಬೇಕು ಅಂದ್ರ ಹೀಟಿಂಗ್ ಕಾಯಿಲ್ ಸುತ್ತಿ ಚಾರ್ಟ್ ಕೊಡೋ ಪಾರ್ಟಿ ಕರಸಬೇಕಾಗ್ತೈತಿ, ಅದು ನಿಮ್ಮ ಕೊಟೇಶನ್‌ನಾಗ ಇಲ್ಲ ಅಂದ್ರ ಆ ಕೆಲಸದಾಗ ಉಳಿಯೋ ಲಾಭ ಅಲ್ಲೆ ಹೋಗ್ತೈತಿ. ಮತ್ತ ಲೈನಿನಾಗ ನೀರಲ್ಲ, ಸ್ಟೀಮ್ ಐತಿ ಅಂತ ಮುಂದ ಯಾರಾರ ಬಾಯಿ ಬಿಟ್ರ ಅಲ್ಲೆ ನಿಲ್ಲಸ್ರಿ, ಅದಕ್ಕ ಬಾಯ್ಲರ್ ಇಲಾಖೆಯ ಐಬಿಆರ್ (ಇಂಡಿಯನ್ ಬಾಯ್ಲರ್ ರೆಗ್ಯುಲೇಶನ್ಸ್) ಕಾಗದ, ಐಬಿಆರ್ ಪಾಸಾದ ವೆಲ್ಡರ್ ಬೇಕು.